ಮಂಜೂರಾದದ್ದೆಷ್ಟು, ಮನೆಗೆ ಮುಟ್ಟಿದ್ದೆಷ್ಟು?

ಔಷಧ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಒಂದೇ ಮಾತ್ರೆಗೆ ಮೂರು ಲೆಕ್ಕ ಇರುತ್ತದೆ. ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದು. ಕೌಂಟರಿನಲ್ಲಿ ನಾವು ಕೊಟ್ಟದ್ದು ಎರಡು. ರೋಗಿ ಮನೆಗೆ ಹೋಗಿ ನಿಜವಾಗಿ ನುಂಗಿದ್ದು ಮೂರು. ಮೊದಲೆರಡು ಕಂಪ್ಯೂಟರಿನಲ್ಲಿ ಸಿಗುತ್ತವೆ. ಮೂರನೆಯದು ರೋಗಿಯನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಆದರೆ ಕಾಯಿಲೆ ವಾಸಿಯಾಗುವುದು ಆ ಮೂರನೆಯ ಲೆಕ್ಕದಿಂದಲೇ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಮೇಲೆ, ಯಾವ ಸರಕಾರ ಯಾವ ಯೋಜನೆಗೆ ಎಷ್ಟು ಕೋಟಿ ಕೊಟ್ಟಿತು ಎಂಬ ಸುದ್ದಿ ಓದಿದಾಗಲೂ ನನ್ನ ತಲೆಗೆ ಮೊದಲು ಬರುವುದು ಇದೇ ಪ್ರಶ್ನೆ: ಬರೆದದ್ದೆಷ್ಟು, ಕೊಟ್ಟದ್ದೆಷ್ಟು, ಹೊಟ್ಟೆಗೆ ಹೋದದ್ದೆಷ್ಟು?

ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಬೆಳವಣಿಗೆಯ ಕುಂಠಿತ ಇರುವ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಇವರಿಗೆ ಬೇಕಾದದ್ದು ಒಂದು ವಾರದ ಔಷಧವಲ್ಲ. ಹುಟ್ಟಿನಿಂದ ಮುಪ್ಪಿನವರೆಗೆ ನಡೆಯುವ ಆಸರೆ. ಗಲ್ಫಿನಲ್ಲಿರುವ ನಮ್ಮವರ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ. ಕೆಲವರು ಇಲ್ಲೇ ಸ್ವಂತ ಖರ್ಚಿನಲ್ಲಿ ಥೆರಪಿ ಕೊಡಿಸುತ್ತಾರೆ. ಸಂಬಳ ಸಾಲದವರು ತಾಯಿ ಮಗುವನ್ನು ಊರಿಗೆ ಕಳಿಸಿ, ತಾವು ಇಲ್ಲಿ ಬ್ಯಾಚುಲರ್ ರೂಮಿನಲ್ಲಿ ದಿನ ತಳ್ಳುತ್ತಾರೆ. ಊರಲ್ಲಿ ಅಜ್ಜ ಅಜ್ಜಿಯ ಕೈಯಲ್ಲಿ ಬೆಳೆಯುವ ಆ ಮಗುವಿಗೆ ಸರಕಾರದಿಂದ ಏನು ಸಿಗಬೇಕು, ಏನು ಸಿಗುತ್ತಿದೆ ಎಂದು ಕೇಳಿದರೆ ಹೆಚ್ಚಿನವರು ಕೈಯಾಡಿಸಿ "ಏನೋ ಪೆನ್ಶನ್ ಬರ್ತದೆ ಮಾರಾಯ್ರೇ" ಎನ್ನುತ್ತಾರೆ.

ನನ್ನ ಚಿಕ್ಕಮ್ಮನ ಮಗಳು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿದ್ದಾಳೆ. ಗಂಡನಿಗೆ ಸಾಫ್ಟ್‌ವೇರ್ ಕೆಲಸ, ಒಬ್ಬನೇ ಮಗ, ಅವನಿಗೆ ಆಟಿಸಂ. ಅವಳ ಜತೆಗಿನ ಮಾತುಕತೆಯಿಂದ, ಆಮೇಲೆ ನನ್ನದೇ ಕುತೂಹಲದಿಂದ, ಅಲ್ಲಿ ಈ ಮಕ್ಕಳ ಹೆಸರಿನಲ್ಲಿ ಖರ್ಚಾಗುವ ಸಾರ್ವಜನಿಕ ಹಣದ ಲೆಕ್ಕವನ್ನು ಜನರ ಮುಂದೆ ಇಡುವ ಪದ್ಧತಿಯನ್ನು ತಿಳಿದುಕೊಂಡೆ. ಅಲ್ಲಿ ಎಲ್ಲ ಸರಿಯಾಗಿದೆ ಎಂದು ಹೇಳಲು ಈ ಲೇಖನವಲ್ಲ, ಸರಿಯಾಗಿಲ್ಲ. ಆದರೆ ಎಲ್ಲಿ ಸರಿಯಾಗಿಲ್ಲ ಎಂದು ಅಂಕಿಯಲ್ಲಿ ತೋರಿಸುವ ಒಂದು ದಾರಿ ಅಲ್ಲಿದೆ. ನಮಗೆ ಉಪಯೋಗಕ್ಕೆ ಬರುವುದು ಆ ದಾರಿ.

ಕಾನೂನಿನ ಬೇರು

ಒಂದು ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಮಗು ಹುಟ್ಟಿದರೆ ತಂದೆತಾಯಿಗೆ ಇದ್ದದ್ದು ಎರಡೇ ದಾರಿ. ಮನೆಯಲ್ಲಿಟ್ಟುಕೊಂಡು ಒಬ್ಬರೇ ಕಷ್ಟಪಡುವುದು, ಇಲ್ಲವೇ ಸರಕಾರದ ದೊಡ್ಡ ಆಸ್ಪತ್ರೆಗೆ ಸೇರಿಸಿ ಬರುವುದು. ಸಾಂತಾ ಕ್ಲಾರಾದ ಆಗ್ನ್ಯೂಸ್ ಎಂಬ ಸಂಸ್ಥೆ ಅಂಥದ್ದೊಂದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಚ್ಚಾಸ್ಪತ್ರೆಯಾಗಿ ಶುರುವಾದ ಜಾಗ ಅದು. 1906ರ ಭೂಕಂಪದಲ್ಲಿ ಅದರ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ಅದು ಬೆಳವಣಿಗೆಯ ನ್ಯೂನತೆ ಇರುವವರ ವಸತಿಯಾಯಿತು. 2009ರಲ್ಲಿ ಪೂರ್ತಿ ಮುಚ್ಚಿತು. ಅದರ ಹಳೆಯ ಆವರಣದ ಒಂದು ಭಾಗದಲ್ಲಿ ಒರಾಕಲ್ ಕಂಪನಿಯ ಕಚೇರಿಗಳು ಬಂದವು. ಲ್ಯಾಪ್‌ಟಾಪ್ ಹಿಡಿದು ಅಲ್ಲಿ ಓಡಾಡುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಆ ನೆಲದ ಕಥೆ ಗೊತ್ತಿದೆಯೋ.

1960ರ ದಶಕದಲ್ಲಿ ತಂದೆತಾಯಂದಿರು ಸಂಘಟಿತರಾಗಿ, ಮಕ್ಕಳು ತಮ್ಮ ಊರಿನಲ್ಲೇ ಬೆಳೆಯುವಂತೆ ಸಹಾಯ ಕೊಡಿ ಎಂದು ಒತ್ತಾಯಿಸಿದರು. ಅದರ ಫಲವಾಗಿ 1966ರಲ್ಲಿ ಪ್ರಯೋಗವೆಂದು ಎರಡು 'ರೀಜನಲ್ ಸೆಂಟರ್'ಗಳು ಆರಂಭವಾದವು. ಒಂದು ಲಾಸ್ ಏಂಜಲೀಸ್‌ನಲ್ಲಿ, ಇನ್ನೊಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. 1969ರಲ್ಲಿ ಫ್ರ್ಯಾಂಕ್ ಲ್ಯಾಂಟರ್ಮನ್ ಎಂಬ ಶಾಸಕರು ತಂದ ಕಾಯಿದೆಯಿಂದ ಈ ಪದ್ಧತಿ ಇಡೀ ರಾಜ್ಯಕ್ಕೆ ಹಬ್ಬಿತು. ಈಗಲೂ ಅದನ್ನು ಲ್ಯಾಂಟರ್ಮನ್ ಕಾಯಿದೆ ಎಂದೇ ಕರೆಯುತ್ತಾರೆ. ಈ ಸೇವೆ ಸರಕಾರದ ದಾನವಲ್ಲ, ಅರ್ಹರ ಹಕ್ಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಿತು.

ಈಗ ರಾಜ್ಯದಲ್ಲಿ ಇಂಥ 21 ಕೇಂದ್ರಗಳಿವೆ. ಕೊಲ್ಲಿ ಪ್ರದೇಶವನ್ನು ನಾಲ್ಕು ಕೇಂದ್ರಗಳು ಹಂಚಿಕೊಂಡಿವೆ. ಸ್ಯಾನ್‌ಫ್ರಾನ್ಸಿಸ್ಕೊ, ಮರಿನ್, ಸ್ಯಾನ್ ಮಟೆಯೊ ಕೌಂಟಿಗಳಿಗೆ ಗೋಲ್ಡನ್ ಗೇಟ್ ಕೇಂದ್ರ. ಅಲಮೀಡಾ, ಕಾಂಟ್ರಾ ಕೋಸ್ಟಾ ಕೌಂಟಿಗಳಿಗೆ ಈಸ್ಟ್ ಬೇ ಕೇಂದ್ರ, ನಮ್ಮವರು ತುಂಬ ಇರುವ ಫ್ರೀಮಾಂಟ್ ಊರು ಇದಕ್ಕೆ ಸೇರುತ್ತದೆ. ಸ್ಯಾನ್ ಹೋಸೆ, ಸನಿವೇಲ್, ಕೂಪರ್ಟಿನೊ ಇರುವ ಸಾಂತಾ ಕ್ಲಾರಾ ಕೌಂಟಿ ಸ್ಯಾನ್ ಆಂಡ್ರಿಯಾಸ್ ಕೇಂದ್ರಕ್ಕೆ. ಉತ್ತರದ ನಾಪಾ, ಸೊಲಾನೊ, ಸೊನೋಮಾ ಕೌಂಟಿಗಳಿಗೆ ನಾರ್ತ್ ಬೇ ಕೇಂದ್ರ. ವೀಸಾದ ಸ್ಥಿತಿ ಏನೇ ಇದ್ದರೂ ಅಲ್ಲಿ ವಾಸಿಸುವ ಮಗು ಅರ್ಹತೆ ಇದ್ದರೆ ಸೇವೆ ಪಡೆಯಬಹುದು. ಇದು ತಿಳಿಯದೆ, "ನಾವು ವೀಸಾದಲ್ಲಿರುವವರು, ನಮಗೆಲ್ಲಿ ಸಿಗುತ್ತದೆ" ಎಂದುಕೊಂಡು ಹಿಂಜರಿಯುವವರು ಅಲ್ಲೂ ಇದ್ದಾರೆ ಎಂದು ತಂಗಿ ಹೇಳುತ್ತಾಳೆ.

ಹಣ ಸರಕಾರದ್ದು, ಸಂಸ್ಥೆ ಖಾಸಗಿ

ಒಂದು ವಿಷಯ ಇಲ್ಲಿ ಗಮನಿಸಬೇಕು. ಈ ಕೇಂದ್ರಗಳು ಸರಕಾರಿ ಕಚೇರಿಗಳಲ್ಲ. ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆಗಳು. ರಾಜ್ಯದ ಇಲಾಖೆ ಅವುಗಳ ಜತೆ ಒಪ್ಪಂದ ಮಾಡಿಕೊಂಡು ಹಣ ಕೊಡುತ್ತದೆ. ಕೇಂದ್ರದವರು ಪ್ರತಿ ಮಗುವಿಗೆ ಒಂದು ಯೋಜನೆ ಬರೆದು, ಬೇಕಾದ ಸೇವೆಗಳನ್ನು ಬೇರೆ ಬೇರೆ ಸಂಸ್ಥೆಗಳಿಂದ ಕೊಂಡು ಕೊಡುತ್ತಾರೆ. ಅಂದರೆ ಹಣ ಇಲಾಖೆಯಿಂದ ಕೇಂದ್ರಕ್ಕೆ, ಕೇಂದ್ರದಿಂದ ಸೇವೆ ಕೊಡುವ ಸಂಸ್ಥೆಗೆ, ಅಲ್ಲಿಂದ ಸೇವೆಯ ರೂಪದಲ್ಲಿ ಮನೆಗೆ ಬರಬೇಕು. ನಮ್ಮ ತೋಟಕ್ಕೆ ತೋಡಿನ ನೀರು ಬಿಟ್ಟ ಹಾಗೆ. ಮೇಲೆ ಎಷ್ಟು ಬಿಟ್ಟರು ಎಂಬುದು ಒಂದು ಲೆಕ್ಕ, ಕೊನೆಯ ಅಡಿಕೆ ಮರದ ಬುಡಕ್ಕೆ ಎಷ್ಟು ಮುಟ್ಟಿತು ಎಂಬುದು ಇನ್ನೊಂದು.

ಈ ತೋಡು ಸಣ್ಣದಲ್ಲ. ರಾಜ್ಯದಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಈ ವ್ಯವಸ್ಥೆಯಲ್ಲಿದ್ದಾರೆ. ಇಲಾಖೆಯ ವರ್ಷದ ಬಜೆಟ್ 1,500 ಕೋಟಿ ಡಾಲರನ್ನು ಮೀರಿದೆ. ಇಷ್ಟು ದೊಡ್ಡ ಹಣ ಖಾಸಗಿ ಸಂಸ್ಥೆಗಳ ಮೂಲಕ ಹರಿಯುವಾಗ ಪ್ರಶ್ನೆ ಏಳದೆ ಇರುತ್ತದೆಯೇ? 2010ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ಒಂದು ವರದಿ ಕೊಟ್ಟರು. ಸೇವೆ ಕೊಡುವ ಸಂಸ್ಥೆಯನ್ನು ಯಾಕೆ ಆರಿಸಿದರು, ಅದಕ್ಕೆ ಇಷ್ಟೇ ದರ ಯಾಕೆ ಕಟ್ಟಿದರು ಎಂಬುದಕ್ಕೆ ಕೆಲವು ಕಡೆ ಸರಿಯಾದ ದಾಖಲೆಯೇ ಇರಲಿಲ್ಲ. ಅದರ ಮರುವರ್ಷ ಕಾನೂನು ಬಿಗಿಯಾಯಿತು. ಆಡಿಟ್ ವರದಿ, ಒಪ್ಪಂದಗಳ ವಿವರ, ಸೇವೆ ಕೊಳ್ಳುವ ನಿಯಮ ಇವನ್ನೆಲ್ಲ ಪ್ರತಿ ಕೇಂದ್ರ ಸಾರ್ವಜನಿಕವಾಗಿ ಪ್ರಕಟಿಸಬೇಕು. ಆಡಳಿತದ ಖರ್ಚು ನೂರಕ್ಕೆ 15 ಮೀರಬಾರದು. ಉಳಿದದ್ದು ನೇರ ಸೇವೆಗೇ ಹೋಗಬೇಕು.

ಹೋರಾಡಿದವರಿಗೆ ಹೆಚ್ಚು

ದೊಡ್ಡ ಅಲುಗಾಟ ಆದದ್ದು 2011ರ ಡಿಸೆಂಬರಿನಲ್ಲಿ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಆಟಿಸಂ ಬಗ್ಗೆ ಒಂದು ಲೇಖನಮಾಲೆ ಪ್ರಕಟಿಸಿತು. ಇಲಾಖೆಯ ಲೆಕ್ಕವನ್ನೇ ತೆಗೆದು, 3ರಿಂದ 6 ವರ್ಷದ ಆಟಿಸಂ ಮಕ್ಕಳಿಗೆ ತಲಾ ಎಷ್ಟು ಖರ್ಚಾಗಿದೆ ಎಂದು ಜನಾಂಗವಾರು ವಿಂಗಡಿಸಿ ತೋರಿಸಿತು. ಬಿಳಿಯ ಮಗುವಿಗೆ ಸರಾಸರಿ 11,723 ಡಾಲರ್. ಏಷ್ಯನ್ ಮಗುವಿಗೆ 11,063. ಲ್ಯಾಟಿನೊ ಮಗುವಿಗೆ 7,634. ಕಪ್ಪು ಮಗುವಿಗೆ 6,593. ಒಂದೇ ರಾಜ್ಯ, ಒಂದೇ ಕಾಯಿದೆ, ಅದೇ ವಯಸ್ಸು, ಅದೇ ರೋಗನಿರ್ಣಯ. ಆದರೂ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಕ್ಕಿದ್ದರ ಹೆಚ್ಚುಕಡಿಮೆ ಇಮ್ಮಡಿ.

ಕಾರಣ ಏನು? ಯಾರೂ ನಿಯಮದಲ್ಲಿ "ಇವರಿಗೆ ಕಡಿಮೆ ಕೊಡಿ" ಎಂದು ಬರೆದಿರಲಿಲ್ಲ. ಪತ್ರಿಕೆ ಕಂಡುಕೊಂಡದ್ದು ಇಷ್ಟು: ಕಚೇರಿಗೆ ಮತ್ತೆ ಮತ್ತೆ ಹೋಗಿ, ಕಾಗದ ಬರೆದು, ಇಲ್ಲ ಎಂದರೆ ಮೇಲ್ಮನವಿ ಹಾಕಿ, ಕೆಲವರು ವಕೀಲರನ್ನೂ ಹಿಡಿದು ಹೋರಾಡಿದ ತಂದೆತಾಯಂದಿರಿಗೆ ಹೆಚ್ಚು ಸೇವೆ ಸಿಕ್ಕಿತ್ತು. ಎರಡು ಕಡೆ ಕೂಲಿಗೆ ಹೋಗುವ ತಾಯಿಗೆ, ಇಂಗ್ಲಿಷ್ ಬಾರದ ತಂದೆಗೆ, ಕೇಳುವ ಹಕ್ಕಿದೆ ಎಂದೇ ಗೊತ್ತಿಲ್ಲದವರಿಗೆ ಕಡಿಮೆ ಸಿಕ್ಕಿತ್ತು. ಲೆಕ್ಕ ಮುಚ್ಚಿದ್ದಾಗ ಹಣ ಬಾಯಿ ಇದ್ದವರ ಕಡೆ ಹರಿಯುತ್ತದೆ. ಅದಕ್ಕೆ ಕಳ್ಳತನವೇ ಆಗಬೇಕೆಂದಿಲ್ಲ. ಒಬ್ಬ ನೌಕರನೂ ಒಂದು ಡಾಲರ್ ತಿನ್ನದೆ ಇದ್ದರೂ ಅನ್ಯಾಯ ನಡೆಯಬಹುದು. ಖರ್ಚಿನ ಪಾರದರ್ಶಕತೆ ಎಂದರೆ ಭ್ರಷ್ಟಾಚಾರ ಹಿಡಿಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಅದಕ್ಕಿಂತ ದೊಡ್ಡ ಉಪಯೋಗ ಇದು: ಕೇಳದೆ ಕುಳಿತವರ ಪಾಲು ಎಲ್ಲಿ ಉಳಿಯಿತು ಎಂದು ಕಣ್ಣಿಗೆ ಕಾಣಿಸುವುದು.

2012ರಲ್ಲಿ ಹೊಸ ಕಲಂ ಸೇರಿತು. ಪ್ರತಿ ಕೇಂದ್ರವೂ ವರ್ಷಕ್ಕೊಮ್ಮೆ ತನ್ನ ಖರ್ಚನ್ನು ವಯಸ್ಸು, ಜನಾಂಗ, ಮನೆಮಾತು, ನ್ಯೂನತೆಯ ಬಗೆ ಇವುಗಳ ಪ್ರಕಾರ ವಿಂಗಡಿಸಿ ಪ್ರಕಟಿಸಬೇಕು. ಪ್ರಕಟಿಸಿದ ಮೇಲೆ ಸಾರ್ವಜನಿಕ ಸಭೆ ಕರೆದು, ಅಂತರ ಯಾಕೆ ಬಂತು, ಏನು ಮಾಡುತ್ತೀರಿ ಎಂದು ಜನರ ಪ್ರಶ್ನೆಗೆ ಉತ್ತರಿಸಬೇಕು.

ಪಟ್ಟಿ ಓದುವ ಬಗೆ

ಆ ಪಟ್ಟಿಯನ್ನು ನೋಡಿದಾಗ ನನಗೆ ನಮ್ಮ ಔಷಧ ವಿಭಾಗದ ಲೆಡ್ಜರೇ ನೆನಪಾಯಿತು. ಪ್ರತಿ ಗುಂಪಿನ ಎದುರು ಕೆಲವು ಕಾಲಂಗಳು. ಎಷ್ಟು ಮಂದಿ ಇದ್ದಾರೆ. ಅವರಿಗೆ ಒಟ್ಟು ಎಷ್ಟು ಮಂಜೂರಾಯಿತು. ಅದರಲ್ಲಿ ಎಷ್ಟು ಖರ್ಚಾಯಿತು. ಮಂಜೂರಾದದ್ದರಲ್ಲಿ ನೂರಕ್ಕೆ ಎಷ್ಟು ಬಳಕೆಯಾಯಿತು. ಇದರ ಜತೆ ಇನ್ನೊಂದು ಲೆಕ್ಕವನ್ನೂ ಕಾನೂನು ಕೇಳುತ್ತದೆ: ಅರ್ಹರೆಂದು ದಾಖಲಾಗಿದ್ದೂ, ಕೇಂದ್ರ ಹಣ ಕೊಟ್ಟು ಕೊಂಡ ಒಂದು ಸೇವೆಯನ್ನೂ ಪಡೆಯದವರು ಎಷ್ಟು ಮಂದಿ?

ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಕೊನೆಯ ಲೆಕ್ಕ. ಸರಾಸರಿ ಎಂಬುದು ಸೊನ್ನೆಯನ್ನು ಮುಚ್ಚಿಹಾಕುತ್ತದೆ. ಹತ್ತು ಮಂದಿಯಲ್ಲಿ ಇಬ್ಬರಿಗೆ ಐವತ್ತೈವತ್ತು ಸಾವಿರ ಕೊಟ್ಟು ಎಂಟು ಮಂದಿಗೆ ಏನೂ ಕೊಡದಿದ್ದರೂ ಸರಾಸರಿ ತಲಾ ಹತ್ತು ಸಾವಿರ ಎಂದು ಚಂದ ಕಾಣುತ್ತದೆ.

ಈ ಪಟ್ಟಿಯನ್ನು ತಪ್ಪಾಗಿ ಓದುವ ಅಪಾಯವೂ ಇದೆ. ಒಟ್ಟು ಸರಾಸರಿ ನೋಡಿ ತೀರ್ಮಾನಕ್ಕೆ ಬರಬಾರದು. ವಸತಿಗೃಹದಲ್ಲಿರುವ ವಯಸ್ಕರಿಗೆ ದಿನದ 24 ಗಂಟೆ ಸಿಬ್ಬಂದಿ ಬೇಕು, ಖರ್ಚು ಬಹಳ. ತಂದೆತಾಯಿಯ ಜತೆ ಇರುವ, ಶಾಲೆಗೆ ಹೋಗುವ ಮಗುವಿಗೆ ಶಾಲೆಯೇ ಎಷ್ಟೋ ಸೇವೆ ಕೊಡುತ್ತದೆ, ಕೇಂದ್ರದ ಖರ್ಚು ಕಡಿಮೆ. ಹಾಗಾಗಿ ಒಂದು ಸಮುದಾಯದಲ್ಲಿ ಮಕ್ಕಳೇ ಹೆಚ್ಚಿದ್ದರೆ ಅದರ ಸರಾಸರಿ ತಾನಾಗಿಯೇ ಇಳಿಯುತ್ತದೆ. ನಮ್ಮಂಥ ಸಮುದಾಯಗಳಲ್ಲಿ ಮಗ ದೊಡ್ಡವನಾದರೂ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ಆಗಲೂ ಇಳಿಯುತ್ತದೆ. ಒಂದೇ ವಯಸ್ಸಿನ, ಒಂದೇ ರೀತಿಯ ಮನೆಯಲ್ಲಿರುವವರನ್ನು ಹೋಲಿಸಿದರೆ ಮಾತ್ರ ನ್ಯಾಯವಾದ ಹೋಲಿಕೆ. ಮಗುವಿನ ಡೋಸನ್ನು ದೊಡ್ಡವರ ಡೋಸಿಗೆ ಹೋಲಿಸಿ ಕಡಿಮೆಯಾಯಿತು ಎನ್ನಲಾಗದು.

ಇನ್ನೊಂದು ಮಾತು ನಮ್ಮವರಿಗೆ ಸಂಬಂಧಿಸಿದ್ದು. ಅಲ್ಲಿಯ ಪಟ್ಟಿಯಲ್ಲಿ ಭಾರತೀಯರು 'ಏಷ್ಯನ್' ಎಂಬ ಒಂದೇ ಸಾಲಿನಲ್ಲಿ ಬರುತ್ತಾರೆ. ಚೀನಾ, ವಿಯೆಟ್ನಾಂ, ಫಿಲಿಪೀನ್ಸ್ ಮೂಲದವರೂ ಅದೇ ಸಾಲಿನಲ್ಲಿ. ಸಾಲು ಚೆನ್ನಾಗಿ ಕಂಡರೆ ಅದರೊಳಗಿನ ಎಲ್ಲರೂ ಚೆನ್ನಾಗಿದ್ದಾರೆ ಎಂದಲ್ಲ. ಮನೆಮಾತಿನ ಪಟ್ಟಿ ನೋಡೋಣವೆಂದರೆ, ಹೆಸರು ನೋಂದಾಯಿಸುವಾಗ "ಮನೆಯಲ್ಲಿ ಯಾವ ಭಾಷೆ" ಎಂದು ಕೇಳಿದರೆ ನಮ್ಮವರು ಸಲೀಸಾಗಿ "ಇಂಗ್ಲಿಷ್" ಎಂದುಬಿಡುತ್ತಾರೆ. ನನ್ನ ತಂಗಿಯೂ ಹಾಗೇ ಬರೆಸಿದ್ದಳು. ಊರಿನಿಂದ ಬಂದು ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿಗೆ ಥೆರಪಿಯವರು ಹೇಳಿದ ಒಂದು ಮಾತೂ ಅರ್ಥವಾಗದಾಗ ಕಚೇರಿಗೆ ಹೇಳಿ ಅದನ್ನು 'ಕನ್ನಡ' ಎಂದು ಬದಲಾಯಿಸಿದಳು. ನಾವೇ ನಮ್ಮ ಭಾಷೆಯನ್ನು ಕಾಗದದಲ್ಲಿ ಬರೆಸದಿದ್ದರೆ ಯಾವ ಲೆಕ್ಕದಲ್ಲೂ ನಾವು ಇರುವುದಿಲ್ಲ.

ಮನೆಗೆ ಬರುವ ಚೀಟಿ

ಊರಿಗೆಲ್ಲ ಪ್ರಕಟವಾಗುವ ಪಟ್ಟಿಯ ಜತೆಗೆ ಅದೇ ಕಾಯಿದೆಯಲ್ಲಿ ಇನ್ನೊಂದು ಸಣ್ಣ ನಿಯಮವಿದೆ. ವರ್ಷಕ್ಕೆ ಒಮ್ಮೆಯಾದರೂ ಪ್ರತಿ ಕುಟುಂಬಕ್ಕೆ ಅವರ ಮಗುವಿನ ಹೆಸರಿನಲ್ಲಿ ಕೊಂಡ ಸೇವೆಗಳ ವಿವರ ಕೊಡಬೇಕು. ಯಾವ ಸೇವೆ, ಯಾವ ತಿಂಗಳು, ಎಷ್ಟು ಗಂಟೆ, ಎಷ್ಟು ಹಣ. ಯಾಕೆ? ಆ ಸೇವೆ ನಿಜವಾಗಿ ಮನೆಗೆ ಬಂದಿದೆಯೇ ಎಂದು ಕುಟುಂಬವೇ ತಾಳೆ ನೋಡಲಿ ಎಂದು. ಆಡಿಟರಿಗೆ ವೋಚರ್ ಕಾಣುತ್ತದೆ. ಮಂಗಳವಾರ ಸಂಜೆ ನಾಲ್ಕಕ್ಕೆ ಆಯಾ ಬಂದಿದ್ದಳೋ ಇಲ್ಲವೋ ಎಂಬುದು ತಾಯಿಗೆ ಮಾತ್ರ ಗೊತ್ತು.

ತಂಗಿ ಒಂದು ದಿನ ಆ ಚೀಟಿಯನ್ನು ವಾಟ್ಸಾಪಿನಲ್ಲಿ ಕಳಿಸಿ, "ಅಣ್ಣಾ, ನೀನು ದಿನಾ ಬಿಲ್ಲು ನೋಡುವವ ಅಲ್ವಾ, ಇದೊಂದು ನೋಡು" ಎಂದಳು. ತಂದೆತಾಯಿಗೆ ಒಂದಿಷ್ಟು ಬಿಡುವು ಸಿಗಲೆಂದು ಕೆಲವು ಗಂಟೆ ಮಗುವನ್ನು ನೋಡಿಕೊಳ್ಳುವವರನ್ನು ಕಳಿಸುವ ಒಂದು ಸೇವೆ ಅಲ್ಲಿದೆ. ಅವರ ಮನೆಗೆ ಅದು ತಿಂಗಳಿಗೆ 30 ಗಂಟೆ ಮಂಜೂರಾಗಿತ್ತು. ಚೀಟಿಯಲ್ಲಿ ಕಂಡ ಬಳಕೆ ಕೆಲವು ತಿಂಗಳು 11 ಗಂಟೆ, ಕೆಲವು ತಿಂಗಳು ಸೊನ್ನೆ. ಯಾರೂ ಮೋಸ ಮಾಡಿರಲಿಲ್ಲ. ಬರುವ ಆಳೇ ಸಿಕ್ಕಿರಲಿಲ್ಲ, ಅಷ್ಟೆ. ಕಡತದಲ್ಲಿ ಆ ಕುಟುಂಬಕ್ಕೆ ಸೇವೆ 'ಇದೆ'. ಮನೆಯಲ್ಲಿ ನನ್ನ ತಂಗಿ ಎರಡು ವರ್ಷದಿಂದ ಒಂದು ಮದುವೆ ಮನೆಗೂ ಹೋಗಿಲ್ಲ.

ಆ ಚೀಟಿ ಹಿಡಿದುಕೊಂಡೇ ಅವಳು ಮುಂದಿನ ಯೋಜನಾ ಸಭೆಗೆ ಹೋದಳು. "ನೀವು ಮಂಜೂರು ಮಾಡಿದ್ದು ಇಷ್ಟು, ಬಂದದ್ದು ಇಷ್ಟು, ಉಳಿದದ್ದಕ್ಕೆ ಏನು ಮಾಡೋಣ?" ಎಂದು ಕೇಳಿದಳು. ಜಗಳ ಇಲ್ಲ, ಅಳು ಇಲ್ಲ, ಎರಡು ಅಂಕಿ ಮಾತ್ರ. ಬೇರೆ ಸಂಸ್ಥೆಯ ಮೂಲಕ ವಾರಕ್ಕೆ ಎರಡು ಸಂಜೆ ಒಬ್ಬರು ಬರುವ ಹಾಗಾಯಿತು.

ಪ್ರಕಟಿಸಿದರೆ ಸಾಕೇ?

ಸಾಲದು. ಆ ಕಲಂ ಬಂದ ಮೇಲೆ ಅಂಕಿಗಳು ಪ್ರಕಟವಾಗುತ್ತಿದ್ದರೂ ಅಂತರ ಅಳಿಯಲಿಲ್ಲ. 2016ರಿಂದ ಅಂತರ ಕಡಿಮೆ ಮಾಡುವುದಕ್ಕೆಂದೇ ವರ್ಷಕ್ಕೆ 1.1 ಕೋಟಿ ಡಾಲರ್ ತೆಗೆದಿಟ್ಟರು. ಆಡಳಿತವನ್ನು ಪರಿಶೀಲಿಸುವ ಲಿಟ್ಲ್ ಹೂವರ್ ಆಯೋಗ 2023ರಲ್ಲಿ ಕೊಟ್ಟ ವರದಿಯಲ್ಲಿ, ಯಾವ ಕೇಂದ್ರದ ವ್ಯಾಪ್ತಿಯಲ್ಲಿ ವಾಸ, ಯಾವ ಸಮುದಾಯ ಎಂಬುದರ ಮೇಲೆ ಸಿಗುವ ಸೇವೆ ಇನ್ನೂ ಬದಲಾಗುತ್ತಿದೆ ಎಂದೇ ಹೇಳಿತು. ತೂಕದ ಯಂತ್ರದ ಮೇಲೆ ನಿಂತ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಆದರೆ ಯಂತ್ರವೇ ಇಲ್ಲದಿದ್ದರೆ ಏರಿದೆಯೋ ಇಳಿದಿದೆಯೋ ಎಂಬ ಮಾತೇ ಬರುವುದಿಲ್ಲ.

ಬಹಳ ಕಾಲ ಇನ್ನೊಂದು ಕೊರತೆಯೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1968ರಿಂದ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ, ನಮ್ಮ ಮಾಹಿತಿ ಹಕ್ಕಿನ ಹಾಗೆ. ಆದರೆ ರೀಜನಲ್ ಸೆಂಟರುಗಳು ಖಾಸಗಿ ಸಂಸ್ಥೆಗಳಾದ್ದರಿಂದ ಆ ಕಾಯಿದೆ ಅವುಗಳಿಗೆ ತಟ್ಟುತ್ತಿರಲಿಲ್ಲ. ಅವರು ಪ್ರಕಟಿಸಿದ್ದನ್ನು ನೋಡಬಹುದಿತ್ತು, ಪ್ರಕಟಿಸದ್ದನ್ನು ಕೇಳುವ ಹಕ್ಕು ಇರಲಿಲ್ಲ. ಡಾನ್ ಆಡಿಸ್ ಎಂಬ ಶಾಸಕಿ ತಂದ ಮಸೂದೆ 2024ರಲ್ಲಿ ಕಾನೂನಾಯಿತು. ಅದರಂತೆ 2026ರ ಜನವರಿ 1ರಿಂದ ಈ ಕೇಂದ್ರಗಳೂ ಸಾರ್ವಜನಿಕ ದಾಖಲೆ ಕಾಯಿದೆಯ ಒಳಗೆ ಬಂದವು. ಮಕ್ಕಳ ವೈಯಕ್ತಿಕ ಕಡತಗಳು ಮಾತ್ರ ಗುಟ್ಟಾಗಿಯೇ ಇರುತ್ತವೆ. ಇರಲೇಬೇಕು. ಬಯಲಾಗಬೇಕಾದದ್ದು ಹಣದ ದಾರಿ, ಮಗುವಿನ ಹೆಸರಲ್ಲ. ಮೊದಲ ಕೇಂದ್ರ ತೆರೆದು 60 ವರ್ಷ ಆದ ಮೇಲೆ ಈ ಬಾಗಿಲು ತೆರೆಯಿತು. ಅದನ್ನು ತಳ್ಳಿದವರಲ್ಲಿ ಆ ಮಕ್ಕಳ ತಂದೆತಾಯಂದಿರೂ, ಸ್ವತಃ ಸೇವೆ ಪಡೆಯುವವರೂ ಇದ್ದರು.

ಕಾಸರಗೋಡಿನ ಎಂಟು ಮಂದಿ

"ಅಮೆರಿಕದ ಕಥೆ ನಮಗ್ಯಾಕೆ?" ಎಂದು ಕೇಳುವವರಿಗೆ ನಮ್ಮದೇ ನೆಲದ ಒಂದು ಲೆಕ್ಕ ಹೇಳುತ್ತೇನೆ.

ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯಂಥ ಕನ್ನಡ, ತುಳು ಮಾತಾಡುವ ಊರುಗಳಲ್ಲಿ ಮಾತು ಬಾರದ, ನಡೆಯಲಾಗದ, ಬುದ್ಧಿ ಬೆಳೆಯದ ಎಷ್ಟೋ ಮಕ್ಕಳಿದ್ದಾರೆ. ಈ ಸಂಚಿಕೆ ಓದುವವರಲ್ಲಿ ಆ ಕಡೆಯವರು ಇದ್ದೇ ಇರುತ್ತಾರೆ, ಅವರಿಗೆ ನಾನು ಹೇಳಬೇಕಾಗಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಕೋರ್ಟಿನ ಮುಂದೆ ಬಂದಾಗ ಕಂಡ ಲೆಕ್ಕ ಇದು: 3,704 ಸಂತ್ರಸ್ತರಲ್ಲಿ ಆ 5 ಲಕ್ಷ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಯಾರು? ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿ ಕೋರ್ಟಿಗೆ ಹೋದವರು. ಕೋರ್ಟು ಸರಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಕೋರ್ಟಿಗೆ ಹೋದವರಿಗೆ ಮಾತ್ರ ಕೊಟ್ಟರೆ, ಹೋಗಲು ದಾರಿಯಿಲ್ಲದವರು ಏನು ಮಾಡಬೇಕು?

ಲಾಸ್ ಏಂಜಲೀಸಿನ ಪತ್ರಿಕೆ ಹೇಳಿದ್ದು, ಕಾಸರಗೋಡಿನ ಲೆಕ್ಕ ಹೇಳುವುದು ಒಂದೇ ಮಾತು. ಹೋರಾಡಲು ಕಾಲು, ಕಾಸು, ಭಾಷೆ ಇದ್ದವರಿಗೆ ಸಿಕ್ಕಿತು. ವ್ಯತ್ಯಾಸ ಇಷ್ಟೆ. ಅಲ್ಲಿ ಆ ಅಂಕಿ ವರ್ಷ ವರ್ಷ ತಾನಾಗಿ ಹೊರಗೆ ಬರಬೇಕೆಂದು ಕಾನೂನು ಮಾಡಿದರು. ಇಲ್ಲಿ '3,704ರಲ್ಲಿ ಎಂಟು' ಎಂಬ ಅಂಕಿ ಹೊರಬರಲು ಐದು ವರ್ಷವೂ ಒಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬೇಕಾಯಿತು. ಮೂರನೇ ತಿಂಗಳಲ್ಲೇ ಆ ಅಂಕಿ ಪಂಚಾಯತ್ ಕಚೇರಿಯ ಗೋಡೆಯ ಮೇಲೆ ಇದ್ದಿದ್ದರೆ?

ಇಲ್ಲಿ ಕೂತು ನಾವು ಮಾಡಬಹುದಾದದ್ದು

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮನ್ನು ಓದಿದರೆ, ಯಾರೂ ಅರ್ಜಿ ಹಾಕುವ ಮೊದಲೇ ಪ್ರತಿ ಸರಕಾರಿ ಕಚೇರಿ ತನ್ನ ಬಜೆಟ್, ಖರ್ಚು, ಸಹಾಯಧನದ ಯೋಜನೆಗಳಿಗೆ ಹಂಚಿದ ಮೊತ್ತ, ಫಲಾನುಭವಿಗಳ ವಿವರ ಇವನ್ನು ತಾನೇ ಪ್ರಕಟಿಸಬೇಕು ಎಂದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಸೆರೆಬ್ರಲ್ ಪಾಲ್ಸಿ ಸೇರಿ 21 ಬಗೆಗಳನ್ನು ಗುರುತಿಸಿದೆ. ಕರ್ನಾಟಕದ ಗ್ರಾಮ ಪಂಚಾಯತ್‌ಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ನೂರಕ್ಕೆ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಪಂಚಾಯತ್ ಮಟ್ಟದಲ್ಲಿ ಇದಕ್ಕೆಂದೇ ಪುನರ್ವಸತಿ ಕಾರ್ಯಕರ್ತರಿದ್ದಾರೆ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ ಇಂಥ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಚೀಟಿಯಲ್ಲಿ ಬರೆದದ್ದಕ್ಕೆ ಬರಗಾಲವಿಲ್ಲ. ಕೊಟ್ಟದ್ದೆಷ್ಟು, ಮುಟ್ಟಿದ್ದೆಷ್ಟು ಎಂದು ಕೇಳುವವರಿಲ್ಲ.

ಕೇಳುವ ಕೆಲಸವನ್ನು ಗಲ್ಫಿನಿಂದಲೂ ಮಾಡಬಹುದು. ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ ಮಾಹಿತಿ ಹಕ್ಕು ನಮಗೂ ಇದೆ. ಕರ್ನಾಟಕದ ಅರ್ಜಿಯನ್ನು ಆನ್‌ಲೈನಿನಲ್ಲೂ ಹಾಕಬಹುದು, ಶುಲ್ಕ 10 ರೂಪಾಯಿ. ಬಿ.ಪಿ.ಎಲ್. ಕುಟುಂಬಕ್ಕೆ ಅದೂ ಇಲ್ಲ. ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ಅದು ಒಳ್ಳೆಯದೇ, ಸಣ್ಣ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರ ಕೊಡುವುದು ಕಷ್ಟ. ಯಾರ ಹೆಸರನ್ನೂ ಕೇಳಬೇಡಿ, ಸಂಖ್ಯೆ ಕೇಳಿ. ಉದಾಹರಣೆಗೆ ನಿಮ್ಮ ಗ್ರಾಮ ಪಂಚಾಯತ್‌ಗೆ ಹೀಗೆ ಬರೆಯಬಹುದು: ಕಳೆದ ಮೂರು ವರ್ಷಗಳಲ್ಲಿ ಪ್ರತಿ ವರ್ಷ ಅಂಗವಿಕಲರ ಶೇಕಡ 5ರ ಅಡಿ ತೆಗೆದಿಟ್ಟ ಮೊತ್ತ ಎಷ್ಟು? ಖರ್ಚಾದದ್ದು ಎಷ್ಟು, ಯಾವ ಬಾಬ್ತಿಗೆ? ಪಂಚಾಯತ್ ವ್ಯಾಪ್ತಿಯಲ್ಲಿ ನೋಂದಾಯಿತ ಅಂಗವಿಕಲರು ಎಷ್ಟು, ಅವರಲ್ಲಿ ಏನೂ ಪಡೆಯದವರು ಎಷ್ಟು? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸೊನ್ನೆಯನ್ನು ಹೊರಗೆ ತರುವುದು ಅದೊಂದೇ.

ಮನೆಯ ಮಟ್ಟದಲ್ಲೂ ಒಂದು ಕೆಲಸವಿದೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕು ಸಾಕು. ಮಗುವಿನ ಅಂಗವೈಕಲ್ಯ ಪ್ರಮಾಣಪತ್ರದ ಸಂಖ್ಯೆ, ಯಾವ ಯೋಜನೆಗೆ ಯಾವ ದಿನ ಅರ್ಜಿ ಹಾಕಿದ್ದು, ಯಾವ ದಿನ ಮಂಜೂರಾದದ್ದು, ಯಾವ ತಿಂಗಳು ಎಷ್ಟು ಬಂತು, ಥೆರಪಿಗೆ ಎಷ್ಟು ದಿನ ಕರೆದಿದ್ದರು, ಎಷ್ಟು ದಿನ ನಿಜವಾಗಿ ನಡೆಯಿತು. ಶುಕ್ರವಾರ ಊರಿಗೆ ಫೋನ್ ಮಾಡುವಾಗ "ಮಗು ಹೇಗಿದೆ" ಎಂದು ಕೇಳುವ ನಾವು, "ಈ ವಾರ ಥೆರಪಿ ಎಷ್ಟು ದಿನ ಆಯ್ತು?" ಎಂದೂ ಕೇಳಬೇಕು. ಉತ್ತರ ಬರೆದಿಟ್ಟರೆ ವರ್ಷದ ಕೊನೆಗೆ ಅದೇ ನಮ್ಮ ಕೈಯ ಚೀಟಿ.

ನಮ್ಮ ಕನ್ನಡ ಸಂಘಗಳಿಗೂ ಒಂದು ವಿನಂತಿ. ನಾವು ವರ್ಷ ವರ್ಷ ಊರಿನ ವಿಶೇಷ ಮಕ್ಕಳ ಶಾಲೆಗಳಿಗೆ ದೇಣಿಗೆ ಕಳಿಸುತ್ತೇವೆ. ಚೆಕ್ ಕೊಡುವ ಫೋಟೋ ಇದೇ ಸಂಚಿಕೆಯಲ್ಲಿ ಬರುತ್ತದೆ. ಒಳ್ಳೆಯ ಕೆಲಸವೇ. ಮುಂದಿನ ವರ್ಷ ಆ ಫೋಟೋದ ಕೆಳಗೆ ನಾಲ್ಕು ಸಾಲು ಸೇರಿಸೋಣ: ಕೊಟ್ಟದ್ದೆಷ್ಟು, ಖರ್ಚಾದದ್ದು ಯಾವುದಕ್ಕೆ, ಉಪಯೋಗ ಪಡೆದ ಮಕ್ಕಳೆಷ್ಟು, ಕಾಯುತ್ತಿರುವವರೆಷ್ಟು. ಸರಕಾರವನ್ನು ಕೇಳುವ ಮೊದಲು ನಮ್ಮ ಹತ್ತು ಸಾವಿರಕ್ಕೆ ನಾವು ಲೆಕ್ಕ ಕೊಟ್ಟರೆ, ಅವರ ಕೋಟಿಗಳ ಲೆಕ್ಕ ಕೇಳುವಾಗ ನಮ್ಮ ಮಾತಿಗೆ ತೂಕ ಬರುತ್ತದೆ.